ಕನ್ನಡ ನಾಡಿನ ಪರ ವಕಾಲತ್ತು

ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೆಯ ಮೈಸೂರು ರಸ್ತೆಯಲ್ಲಿ ಹೋಗುವವರಿಗೆ ಕೆಂಗಲ್ ಆಂಜನೇಯನ ಗುಡಿ ದಾರಿಯಲ್ಲೇ ಸಿಗುತ್ತದೆ. ಬಸ್ಸಿನಲ್ಲಿ ಕೂತವರು ಕೂತಲ್ಲಿಂದಲೇ ಕೈ ಮುಗಿಯುತ್ತಾರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ನಡೆಯುವ ದನಗಳ ಜಾತ್ರೆಗೆ ಸುತ್ತಲಿನ ರೈತರು ಎತ್ತು ಹೊಡೆದುಕೊಂಡು ಬರುತ್ತಾರೆ. ಈ ದೇವರಿಗೆ ನಡೆದುಕೊಳ್ಳುತ್ತಿದ್ದ ಒಂದು ರೈತ ಮನೆತನದ ಹುಡುಗ ಮುಂದೆ ವಕೀಲನಾದ, ಭಾರತದ ಸಂವಿಧಾನಕ್ಕೆ ಸಹಿ ಹಾಕಿದ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾದ, ಕೇಂದ್ರದಲ್ಲಿ ಮಂತ್ರಿಯಾದ. ಅಷ್ಟಾದರೂ ಹೆಸರಿನ ಮುಂದೆ ಗುಡಿಯ ಹೆಸರನ್ನೇ ಉಳಿಸಿಕೊಂಡ. ಅವರು ಕೆಂಗಲ್ ಹನುಮಂತಯ್ಯ.

ಇವತ್ತಿಗೂ ಆ ಹೆಸರು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ವಿಧಾನಸೌಧದ ಒಂದು ಬಾಗಿಲು ‘ಕೆಂಗಲ್ ಗೇಟ್’. ಬೆಂಗಳೂರಿನ ಶಾಂತಿನಗರದ ಕೆ.ಎಚ್. ರಸ್ತೆ ಅವರದೇ ಹೆಸರಿನದು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಅವರ ಹೆಸರಿನ ಕಾನೂನು ಕಾಲೇಜಿದೆ. ಆದರೆ ಹನುಮಂತಯ್ಯನವರು ಯಾರು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರ ಒಂದೇ: ವಿಧಾನಸೌಧ ಕಟ್ಟಿಸಿದವರು.

ಉತ್ತರ ಸರಿ, ಆದರೆ ಅರ್ಧ ಮಾತ್ರ. ಆ ಭವ್ಯ ಕಟ್ಟಡದ ನೆರಳಿನಲ್ಲಿ ಅವರ ಇನ್ನೂ ದೊಡ್ಡ ಕೆಲಸಗಳು ಮರೆಯಾಗಿವೆ. ಹನುಮಂತಯ್ಯನವರು ಮೊದಲು ವಕೀಲರು. ಸ್ವಾತಂತ್ರ್ಯ ಬಂದಮೇಲೆ ನಮ್ಮ ಆಡಳಿತ ನಮ್ಮದಾಗಿ ಕಾಣಬೇಕು, ನಮ್ಮ ಜನರ ಕೈಗೆ ಎಟುಕಬೇಕು ಎಂಬ ಒಂದೇ ವಾದವನ್ನು ಅವರು ದೆಹಲಿಯ ಸಂವಿಧಾನ ಸಭೆಯಲ್ಲಿ ಮಾತಿನಿಂದ, ಬೆಂಗಳೂರಿನಲ್ಲಿ ಕಲ್ಲಿನಿಂದ, ಏಕೀಕರಣದ ಹೊತ್ತಿನಲ್ಲಿ ತಮ್ಮ ಅಧಿಕಾರವನ್ನೇ ಪಣಕ್ಕಿಟ್ಟು ಮಂಡಿಸಿದರು.

ಲಕ್ಕಪ್ಪನಹಳ್ಳಿಯಿಂದ ಪುಣೆಗೆ

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರುವರಿಯಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲಿಗ ಕುಟುಂಬದಲ್ಲಿ. ಆಗ ರಾಮನಗರಕ್ಕೆ ಆ ಹೆಸರಿರಲಿಲ್ಲ. ಟಿಪ್ಪು ಕಾಲದ ನಂತರ ಬಂದ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆಯಾಗಿತ್ತು. ಊರು ರಾಮನಗರವಾದದ್ದು ಸ್ವಾತಂತ್ರ್ಯದ ನಂತರ. ಆ ಬದಲಾವಣೆಯ ಹಿಂದೆ ಹನುಮಂತಯ್ಯನವರೇ ಇದ್ದರೆಂದು ಊರಿನ ಜನ ಹೇಳುತ್ತಾರೆ.

ಮಳೆ ನಂಬಿ ರಾಗಿ ಬೆಳೆಯುವ, ಹಿಪ್ಪುನೇರಳೆ ಬೆಳೆಸಿ ರೇಷ್ಮೆ ಹುಳು ಸಾಕುವ ಸೀಮೆ ಅದು. ಅಂಥ ಹಳ್ಳಿಯ ಒಬ್ಬ ಹುಡುಗ ಕಾಲೇಜು ಮೆಟ್ಟಿಲು ಹತ್ತುವುದೇ ಆ ದಿನಗಳಲ್ಲಿ ದೊಡ್ಡ ಸಂಗತಿ. ಹನುಮಂತಯ್ಯ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1930ರಲ್ಲಿ ಬಿ.ಎ. ಮುಗಿಸಿದರು. ಅಲ್ಲಿಂದ ಪುಣೆಗೆ ಹೋಗಿ 1932ರಲ್ಲಿ ಕಾನೂನು ಪದವಿ ಪಡೆದರು. ಊರಿನತ್ತ ಮರಳಿ ಬೆಂಗಳೂರಿನಲ್ಲಿ ಕರಿಕೋಟು ತೊಟ್ಟರು.

ಹೆಚ್ಚು ದಿನ ಆ ಕೋಟು ಮೈಮೇಲೆ ಉಳಿಯಲಿಲ್ಲ. ಅದು ಉಪ್ಪಿನ ಸತ್ಯಾಗ್ರಹದ ಬಿಸಿ ಇನ್ನೂ ಆರದ ಕಾಲ. ಮೈಸೂರು ಸಂಸ್ಥಾನದಲ್ಲಿ ಹೋರಾಟದ ಸ್ವರೂಪವೇ ಬೇರೆ ಇತ್ತು. ಇಲ್ಲಿ ಎದುರಿಗಿದ್ದವರು ನೇರವಾಗಿ ಬ್ರಿಟಿಷರಲ್ಲ. ಮಹಾರಾಜರು ಮತ್ತು ಅವರ ದಿವಾನರು. ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆಗಳಿಂದ ಹೆಸರಾದ ಸಂಸ್ಥಾನ ಇದು. ಇಷ್ಟೆಲ್ಲ ಒಳ್ಳೆಯದು ನಡೆಯುತ್ತಿರುವಾಗ ಜನರಿಗೆ ಅಧಿಕಾರ ಯಾಕೆ ಬೇಕು ಎಂದು ಕೇಳುವವರೂ ಇದ್ದರು. ಒಳ್ಳೆಯ ದೊರೆ ಬೇರೆ, ಪ್ರಜೆಗಳಿಗೆ ಉತ್ತರ ಹೇಳಬೇಕಾದ ಸರ್ಕಾರ ಬೇರೆ ಎಂಬುದು ಕಾಂಗ್ರೆಸ್ಸಿಗರ ನಿಲುವು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಹನುಮಂತಯ್ಯನವರು ಈ ಅಲೆಯಲ್ಲಿ ಬೆಳೆದವರು. ಹಲವು ಸಲ ಜೈಲು ಕಂಡರು. 1942ರ ಚಲೇಜಾವ್ ಚಳವಳಿಯಲ್ಲೂ ಬಂಧನಕ್ಕೊಳಗಾದರು.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನ ಜನರ ಕೈಗೆ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು. ಜೈಲುಗಳು ತುಂಬಿದವು. ಕೊನೆಗೆ ಅರಮನೆ ಮಣಿದು, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು. ಹನುಮಂತಯ್ಯ ಆಗ ಮೂವತ್ತೊಂಬತ್ತರ ಪ್ರಾಯದ ನಾಯಕ.

ವಕೀಲರೇ ಯಾಕೆ?

ರೆಡ್ಡಿ, ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ. ಮೈಸೂರು ರಾಜ್ಯದ ಮೊದಲ ಐವರು ಮುಖ್ಯಮಂತ್ರಿಗಳೂ ಕಾನೂನು ಓದಿದವರು. ಗಾಂಧಿ, ನೆಹರೂ, ಪಟೇಲ್, ಅಂಬೇಡ್ಕರ್, ರಾಜಾಜಿ ಎಲ್ಲರೂ ಅದೇ ವೃತ್ತಿಯಿಂದ ಬಂದವರು. ಭಾರತದ ಹೊರಗೂ ಹೀಗೆಯೇ. ಮಲೇಷ್ಯಾದ ಮೊದಲ ಪ್ರಧಾನಿ ಟುಂಕು ಅಬ್ದುಲ್ ರೆಹಮಾನ್, ಸಿಂಗಪುರದ ಲೀ ಕುವಾನ್ ಯೂ ಇಂಗ್ಲೆಂಡಿನಲ್ಲಿ ಕಾನೂನು ಕಲಿತು ತಮ್ಮ ನಾಡಿಗೆ ಮರಳಿದವರು.

ಇದಕ್ಕೆ ಕಾರಣಗಳಿವೆ. ಸರ್ಕಾರಿ ನೌಕರ ಚಳವಳಿಗೆ ಇಳಿದರೆ ಸಂಬಳ ಹೋಗುತ್ತಿತ್ತು. ವಕೀಲನ ದುಡಿಮೆ ಅವನದೇ, ಮೇಲಧಿಕಾರಿಯ ಹಂಗಿಲ್ಲ. ಜಮೀನಿನ ತಗಾದೆ, ಸಾಲದ ಪತ್ರ, ಕಂದಾಯದ ನೋಟಿಸು ಹಿಡಿದು ಬರುವ ರೈತರ ಮೂಲಕ ಹಳ್ಳಿಯ ಕಷ್ಟ ಅವನ ಮೇಜಿನ ಮೇಲೇ ಬಂದು ಬೀಳುತ್ತಿತ್ತು. ಸರ್ಕಾರ ಯಾವ ಕಾಯಿದೆಯ ಬಲದಿಂದ ಆಳುತ್ತದೋ ಅದೇ ಕಾಯಿದೆ ಅವನಿಗೂ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎದುರು ಪಕ್ಷದ ವಾದವನ್ನು ಕೂತು ಕೇಳಿ, ತನ್ನ ಮಾತನ್ನು ಆಧಾರ ಸಮೇತ ಹೇಳುವ ಅಭ್ಯಾಸ ಅವನಿಗಿತ್ತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಸಂವಿಧಾನ, ಕಾಯಿದೆ, ಶಾಸನಸಭೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿದ್ದಾಗ ಬೇಕಾದದ್ದು ಇಂಥವರೇ.

ದೆಹಲಿಯಲ್ಲಿ ಎತ್ತಿದ ತಕರಾರು

ಸಂವಿಧಾನ ಸಭೆಗೆ ಮೈಸೂರಿನಿಂದ ಹೋದ ಪ್ರತಿನಿಧಿಗಳಲ್ಲಿ ಹನುಮಂತಯ್ಯ ಒಬ್ಬರು. ಕರಡು ಸಿದ್ಧವಾಗಿ ಅಂತಿಮ ಚರ್ಚೆ ನಡೆಯುತ್ತಿದ್ದ 1949ರ ನವೆಂಬರ್ 17ರಂದು ಅವರು ಮಾತಾಡಲು ಎದ್ದರು. ಸಂವಿಧಾನ ರಚನೆಯ ಚರಿತ್ರೆ ಬರೆಯುವವರು ಇಂದಿಗೂ ಉಲ್ಲೇಖಿಸುವ ಭಾಷಣ ಅದು.

ಅವರ ತಕರಾರು ನೇರವಾಗಿತ್ತು. ತಾವೆಲ್ಲ ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದ, ಈಗ ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದರು. ಕರಡು ಬರೆದವರು ದೊಡ್ಡ ಕಾನೂನು ಪಂಡಿತರು, ಆದರೆ ಅವರು ಓದಿದ ರೀತಿಯೇ ಹಾಗಿತ್ತು. ಅವರನ್ನು ದೂರಿ ಪ್ರಯೋಜನವಿಲ್ಲ, ಈ ಕೆಲಸವನ್ನು ಅವರ ಕೈಗೆ ಒಪ್ಪಿಸಿದ ನಮ್ಮನ್ನೇ ದೂರಬೇಕು ಎಂದೂ ಸೇರಿಸಿದರು. ಗಾಂಧೀಜಿ ಕಂಡ ಕನಸಿನಲ್ಲಿ ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಹೋಗಬೇಕಿತ್ತು, ಈ ಸಂವಿಧಾನದಲ್ಲಿ ಅದು ದೆಹಲಿಯಿಂದ ಕೆಳಕ್ಕೆ ಇಳಿಯುತ್ತಿದೆ ಎಂಬುದು ಅವರ ಮಾತಿನ ತಿರುಳು.

ಎದುರು ವಾದವೂ ಗಟ್ಟಿಯಾಗಿಯೇ ಇತ್ತು. ಹಳ್ಳಿ ಎಂದರೆ ಸಂಕುಚಿತ ಮನಸ್ಸಿನ, ಕೋಮುಭಾವನೆಯ ಕೂಪ ಎಂದು 1948ರ ನವೆಂಬರ್‌ನಲ್ಲೇ ಅಂಬೇಡ್ಕರ್ ಅದೇ ಸಭೆಯಲ್ಲಿ ಹೇಳಿದ್ದರು. ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿ ಇಟ್ಟದ್ದು ಅವರ ಪ್ರಕಾರ ಸರಿಯಾದ ನಡೆ. ಊರಾಚೆಯ ಕೇರಿಯ ಅನುಭವದಿಂದ ಬಂದ ಆ ಮಾತಿನ ಸತ್ಯವನ್ನು ಯಾರೂ ತಳ್ಳಿಹಾಕಲಾಗದು. ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂಬ 40ನೇ ವಿಧಿ ರಾಜ್ಯ ನೀತಿಯ ನಿರ್ದೇಶಕ ತತ್ವಗಳಲ್ಲಿ ಸೇರಿತು. ಪಂಚಾಯಿತಿಗಳಿಗೆ ಸಂವಿಧಾನದ ಪೂರ್ಣ ಬಲ ಸಿಗಲು 1992ರ 73ನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಗಮನಿಸಬೇಕಾದದ್ದು ಇನ್ನೊಂದಿದೆ. ಇಷ್ಟು ಖಾರವಾಗಿ ಟೀಕಿಸಿದ ಹನುಮಂತಯ್ಯ ಸಭೆಯಿಂದ ಎದ್ದು ಹೊರಟುಹೋಗಲಿಲ್ಲ. ವಾದ ಮಂಡಿಸಿದರು, ಬಹುಮತದ ತೀರ್ಮಾನವನ್ನು ಒಪ್ಪಿಕೊಂಡರು, ಆ ಸಂವಿಧಾನದಡಿಯಲ್ಲೇ ಬದುಕಿನುದ್ದಕ್ಕೂ ದುಡಿದರು. 1949ರ ನವೆಂಬರ್ 25ರಂದು ಮೈಸೂರು ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಎಂದು ಘೋಷಿಸಿದರು.

ನೆಲದ ಕಾಯಿದೆಗಳು

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು. ಹನುಮಂತಯ್ಯ ರಾಮನಗರದಿಂದ ಆರಿಸಿ ಬಂದರು. ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. ವಯಸ್ಕರೆಲ್ಲರ ಮತದಿಂದ ಬಂದ ವಿಧಾನಸಭೆಯ ಮೊದಲ ನಾಯಕ ಅವರು.

ಅವರ ನಾಲ್ಕು ವರ್ಷದ ಆಡಳಿತದ ಕಾಯಿದೆ ಪುಸ್ತಕ ತೆರೆದರೆ ಹಳ್ಳಿಯೇ ಎದ್ದು ಕಾಣುತ್ತದೆ. ಗೇಣಿದಾರರ ರಕ್ಷಣೆಗೆಂದು 1952ರಲ್ಲಿ ಮೈಸೂರು ಗೇಣಿ ಕಾಯಿದೆ ಬಂತು. ಅದೇ ವರ್ಷ ಗ್ರಾಮ ಪಂಚಾಯಿತಿ ಮತ್ತು ಜಿಲ್ಲಾ ಬೋರ್ಡುಗಳ ಕಾಯಿದೆ ಬಂತು. ದೆಹಲಿಯಲ್ಲಿ ಹಳ್ಳಿಯ ಪರ ವಾದಿಸಿದವರು ತಮ್ಮ ರಾಜ್ಯದಲ್ಲಿ ಅದಕ್ಕೊಂದು ಚೌಕಟ್ಟು ಕೊಡಲು ಹೊರಟದ್ದು ಹೀಗೆ.

ಇನ್ನೂ ಆಳಕ್ಕೆ ಇಳಿದದ್ದು ಇನಾಮು ರದ್ದತಿ. ಇನಾಮು ಎಂದರೆ ಹಿಂದಿನ ದೊರೆಗಳು ವ್ಯಕ್ತಿಗಳಿಗೋ ದೇವಸ್ಥಾನ, ಮಠಗಳಿಗೋ ಬರೆದುಕೊಟ್ಟ ಜಮೀನು, ಕೆಲವೊಮ್ಮೆ ಇಡೀ ಗ್ರಾಮ. ಅಲ್ಲಿ ತಲೆಮಾರುಗಳಿಂದ ಉಳುತ್ತಿದ್ದ ರೈತ ಸರ್ಕಾರಕ್ಕೂ ತನಗೂ ನಡುವೆ ಇನಾಮುದಾರನ ಕೈ ನೋಡಬೇಕಿತ್ತು. 1954ರಲ್ಲಿ ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದತಿ ಕಾಯಿದೆ, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ದತಿ ಕಾಯಿದೆ ಬಂದವು. ಜಾರಿ ನಿಧಾನವಾಯಿತು, ಕೋರ್ಟು ವ್ಯಾಜ್ಯಗಳು ಎಳೆದಾಡಿದವು. ಆದರೂ 1970ರ ದಶಕದಲ್ಲಿ ದೇವರಾಜ ಅರಸರು ತಂದ ಭೂಸುಧಾರಣೆಗೆ ಮೊದಲ ಮೆಟ್ಟಿಲು ಇಲ್ಲೇ ಬಿದ್ದಿತ್ತು.

ಆಡಳಿತದ ನಡುವೆಯೂ ಅವರಿಗೆ ಕನ್ನಡ ಕಾವ್ಯದ ಹಂಬಲವಿತ್ತು. ಕುಮಾರವ್ಯಾಸ ಭಾರತ ಸಾಮಾನ್ಯನ ಮನೆಗೂ ಹೋಗಬೇಕೆಂಬ ಆಸೆಯಿಂದ ಅದರ ಅಗ್ಗದ ಬೆಲೆಯ ಸರ್ಕಾರಿ ಆವೃತ್ತಿಗೆ ಅವರು ಚಾಲನೆ ಕೊಟ್ಟರು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಆ ದಪ್ಪ ಪುಸ್ತಕ ಹಳ್ಳಿಯ ಜಗಲಿಗಳಿಗೆ ತಲುಪಿತು.

ಕಲ್ಲಿನಲ್ಲಿ ಬರೆದ ವಾದ

ಈಗ ವಿಧಾನಸೌಧಕ್ಕೆ ಬರೋಣ. ಅದಕ್ಕೆ 1951ರ ಜುಲೈ 13ರಂದು ಶಂಕುಸ್ಥಾಪನೆ ಮಾಡಿದವರು ಜವಾಹರಲಾಲ್ ನೆಹರೂ. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಮೊದಲ ನಕ್ಷೆ ಸರಳವಾಗಿತ್ತು. ಹನುಮಂತಯ್ಯ ಅಧಿಕಾರಕ್ಕೆ ಬಂದವರೇ ಅದನ್ನು ಬದಿಗಿಟ್ಟು ಹೊಸ ನಕ್ಷೆ ಬರೆಸಿದರು.

ಬೆಂಗಳೂರಿಗೆ ಬಂದಿದ್ದ ರಷ್ಯಾದ ಸಾಂಸ್ಕೃತಿಕ ನಿಯೋಗವೊಂದು ಊರು ಸುತ್ತಿ, ಇಲ್ಲಿ ಎಲ್ಲ ಕಟ್ಟಡಗಳೂ ಯುರೋಪಿನ ಮಾದರಿಯವೇ, ನಿಮ್ಮದು ಎನ್ನುವಂಥದ್ದು ಯಾವುದೂ ಇಲ್ಲವೇ ಎಂದು ಕೇಳಿತಂತೆ. ಆ ಮಾತು ಹನುಮಂತಯ್ಯನವರನ್ನು ಕುಟುಕಿತೆಂದು ಹೇಳುತ್ತಾರೆ. ಈ ಕಥೆ ಹೇಗೇ ಇರಲಿ, ಇಂಗ್ಲಿಷ್ ಬ್ಯಾಂಡಿನ ಬಗ್ಗೆ ದೆಹಲಿಯಲ್ಲಿ ಮಾತಾಡಿ ಬಂದವರಿಗೆ ಹೊಸ ಪ್ರೇರಣೆ ಬೇಕಿರಲಿಲ್ಲ. ಕಟ್ಟಡ ಏಳಬೇಕಿದ್ದ ಜಾಗದ ಎದುರಿಗೇ 1868ರ ಕೆಂಪು ಬಣ್ಣದ ಅಠಾರಾ ಕಚೇರಿ ಇತ್ತು. ಪರದೇಶದ ಸರ್ಕಾರ ಕಟ್ಟಿದ ಕಚೇರಿಯ ಮುಂದೆ ಜನರ ಸರ್ಕಾರದ ಮನೆ ಹೇಗಿರಬೇಕೆಂಬ ಪ್ರಶ್ನೆಗೆ ಅವರ ಬಳಿ ಉತ್ತರ ಸಿದ್ಧವಿತ್ತು.

ಅದೇ ವರ್ಷಗಳಲ್ಲಿ ಚಂಡೀಗಢದಲ್ಲಿ ಲೆ ಕಾರ್ಬೂಸಿಯೆ ಕಾಂಕ್ರೀಟಿನ ವಿಧಾನಸಭೆ ಕಟ್ಟುತ್ತಿದ್ದರು. ಬ್ರೆಜಿಲ್ 1960ರಲ್ಲಿ ಗಾಜು, ಕಾಂಕ್ರೀಟಿನ ಹೊಸ ರಾಜಧಾನಿ ಬ್ರೆಸಿಲಿಯಾವನ್ನೇ ಉದ್ಘಾಟಿಸಿತು. ಹೊಸ ಕಾಲಕ್ಕೆ ಹೊಸ ಆಕಾರ ಎಂಬುದು ಅವುಗಳ ಹಿಂದಿದ್ದ ನಂಬಿಕೆ. ಮೈಸೂರಿನ ಮುಖ್ಯಮಂತ್ರಿ ಬೇರೆ ದಾರಿ ಹಿಡಿದರು: ಹೊಸ ಅಧಿಕಾರಕ್ಕೆ ನಾಡಿನ ಹಳೆಯ ಗುಡಿಗಳ ಗಾಂಭೀರ್ಯ. ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಆ ಆಸೆಗೆ ರೂಪ ಕೊಟ್ಟರು.

ಹತ್ತಿರ ನಿಂತು ನೋಡಿದರೆ ಆ ದಾರಿಯ ಅರ್ಥ ತಿಳಿಯುತ್ತದೆ. ಕಟ್ಟಡದ ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ಪೂರ್ವದ ಮುಂಭಾಗದಲ್ಲಿ 200 ಅಡಿಗೂ ಅಗಲವಾದ 45 ಮೆಟ್ಟಿಲು. ಅದರ ಮೇಲೆ 40 ಅಡಿ ಎತ್ತರದ 12 ಕಲ್ಲಿನ ಕಂಬಗಳು. ನಡುವಿನ ಗೋಪುರದ ವ್ಯಾಸ 60 ಅಡಿ, ತುದಿಯಲ್ಲಿ ಅಶೋಕನ ಸಿಂಹಗಳು. ಸಂಪುಟ ಸಭೆಯ ಕೊಠಡಿಗೆ ಶ್ರೀಗಂಧದ ಕೆತ್ತನೆಯ ಬಾಗಿಲು. ಗೋಡೆಯ ಬೂದು ಕಲ್ಲು ಬೆಂಗಳೂರಿನ ಸುತ್ತಲಿನ ಮಲ್ಲಸಂದ್ರ, ಹೆಸರಘಟ್ಟಗಳ ಗಣಿಗಳಿಂದ ಬಂತು. ಅಲಂಕಾರಕ್ಕೆ ಬಳಸಿದ್ದು ಎರಡು ಬಗೆ: ತುರುವೇಕೆರೆಯ ಕರಿಕಲ್ಲು, ಮಾಗಡಿಯ ಗುಲಾಬಿ ಕಲ್ಲು.

ಮಾಗಡಿಯ ಕಲ್ಲು ಅಲ್ಲಿಗೆ ಹೋದದ್ದು ಸಣ್ಣ ಸಂಗತಿಯಲ್ಲ. ರಾಮನಗರ, ಮಾಗಡಿಗಳ ಬೆಟ್ಟಗುಡ್ಡಗಳ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದವರು 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಊರು ಬಿಟ್ಟುಕೊಟ್ಟು ನೆಲೆಸಿದ್ದು ಇದೇ ಮಾಗಡಿಯಲ್ಲಿ. ಮೂರು ಶತಮಾನದ ನಂತರ ಆ ಮಾಗಡಿಯ ಕಲ್ಲು ಜನರು ಆರಿಸಿದ ಸರ್ಕಾರದ ಮನೆಗೆ ಬಣ್ಣ ತಂದಿತು.

ಸಾವಿರಾರು ಕೂಲಿಗಳು, ಕಲ್ಲುಕುಟಿಗರು, ಬಡಗಿಗಳು, ಅವರೊಂದಿಗೆ ಜೈಲಿನ ಕೈದಿಗಳು ಕೂಡ ದುಡಿದರು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ತಗುಲಿದ ವೆಚ್ಚ ಸುಮಾರು ₹1.8 ಕೋಟಿ. ಆ ಕಾಲಕ್ಕೆ ಅದು ಭಾರಿ ಮೊತ್ತ. ಬಡ ರಾಜ್ಯಕ್ಕೆ ಇಂಥ ಅರಮನೆ ಬೇಕಿತ್ತೇ ಎಂದು ಶಾಸನಸಭೆಯ ಒಳಗೂ ಹೊರಗೂ ಜನ ಕೇಳಿದರು. ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. ಅದು ನ್ಯಾಯವಾದ ಪ್ರಶ್ನೆಯೇ. ಶಾಲೆ, ಆಸ್ಪತ್ರೆ, ಕೆರೆ ಯಾವುದಕ್ಕೂ ಸಾಲದ ಹಣದಲ್ಲಿ ಇಷ್ಟನ್ನು ಒಂದೇ ಕಡೆ ಸುರಿದಾಗ ಯಾರಾದರೂ ಲೆಕ್ಕ ಕೇಳಲೇಬೇಕು. ಎಪ್ಪತ್ತು ವರ್ಷ ಕಳೆದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು: ಹಳ್ಳಿಯಿಂದ ಬಂದ ಮುದುಕಿಯೂ ಆ ಮೆಟ್ಟಿಲ ಮುಂದೆ ನಿಂತು ಅದು ತನ್ನದು ಎಂದುಕೊಳ್ಳುತ್ತಾಳೆ. ಮುಂಬಾಗಿಲ ಮೇಲೆ ಕೆತ್ತಿಸಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ ಅಲ್ಲಿ ದುಡಿಯುವ ಪ್ರತಿಯೊಬ್ಬ ನೌಕರನನ್ನೂ ಮಂತ್ರಿಯನ್ನೂ ಪ್ರತಿದಿನ ಅಳೆಯುತ್ತದೆ. ಜನ ಸಿಟ್ಟಾದಾಗ ಅದೇ ವಾಕ್ಯವನ್ನು ಎತ್ತಿ ತೋರಿಸಿ ಸರ್ಕಾರವನ್ನು ಕೇಳುತ್ತಾರೆ.

ತಮ್ಮವರ ಎದುರೇ ನಿಂತದ್ದು

ಹನುಮಂತಯ್ಯನವರ ಬದುಕಿನ ಅತಿ ದೊಡ್ಡ ಪರೀಕ್ಷೆ ಏಕೀಕರಣ. ಕನ್ನಡಿಗರು ಆಗ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ತೀರಿಕೊಂಡ ಮೇಲೆ ಆಂಧ್ರ ರಾಜ್ಯ ಹುಟ್ಟಿತು. ಅದು ಹುಟ್ಟಿದ 1953ರ ಅಕ್ಟೋಬರ್ 1ರಂದೇ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಅದೇ ವರ್ಷ ಹುಬ್ಬಳ್ಳಿಯ ಬಳಿ ಅದರಗುಂಚಿ ಶಂಕರಗೌಡರು ಉಪವಾಸ ಕೂತು ಉತ್ತರದ ಜಿಲ್ಲೆಗಳನ್ನು ಎಬ್ಬಿಸಿದ್ದರು. ವರ್ಷದ ಕೊನೆಗೆ ಫಜಲ್ ಅಲಿ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು.

ಹುಬ್ಬಳ್ಳಿ, ಧಾರವಾಡಗಳಲ್ಲಿ ಏಕೀಕರಣ ಎಂದರೆ ಹಬ್ಬ. ಹಳೆ ಮೈಸೂರಿನಲ್ಲಿ ಅನುಮಾನ. ಕಾರಣಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಕೃಷ್ಣರಾಜಸಾಗರ, ಶಿವನಸಮುದ್ರ, ಭದ್ರಾವತಿಗಳಿಂದ ಮುಂದುವರಿದ ರಾಜ್ಯ ತನ್ನ ಹಣವನ್ನು ಹಿಂದುಳಿದ ಜಿಲ್ಲೆಗಳಿಗೆ ಹಂಚಬೇಕಾಗುತ್ತದೆ ಎಂಬ ಭಯ ಒಂದು. ಜಾತಿಯ ಲೆಕ್ಕ ಇನ್ನೊಂದು. ಹಳೆ ಮೈಸೂರಿನ ರಾಜಕೀಯದಲ್ಲಿ ಒಕ್ಕಲಿಗರು ಪ್ರಬಲರು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯಾಬಲ ಮೇಲಾಗುತ್ತದೆ. ಎರಡು ಕನ್ನಡ ರಾಜ್ಯಗಳಿರಲಿ, ಮೈಸೂರು ತನ್ನ ಪಾಡಿಗೆ ತಾನಿರಲಿ ಎಂಬ ಕೂಗು ಹನುಮಂತಯ್ಯನವರದೇ ಪಕ್ಷದಲ್ಲಿ, ಅವರದೇ ಸಮುದಾಯದಲ್ಲಿ ಎದ್ದಿತು.

ರಾಮನಗರದ ಒಕ್ಕಲಿಗ ಮುಖ್ಯಮಂತ್ರಿಗೆ ಸುಮ್ಮನಿರುವುದು ಸುಲಭವಾಗಿತ್ತು. ಅವರು ಸುಮ್ಮನಿರಲಿಲ್ಲ. ವಕೀಲರ ಪದ್ಧತಿಯಂತೆ ಮೊದಲು ದಾಖಲೆ ತರಿಸಿದರು. ಸೇರಬೇಕಾದ ಪ್ರದೇಶಗಳ ಆರ್ಥಿಕ ಸ್ಥಿತಿ ಅರಿಯಲು ಎಂ. ಶೇಷಾದ್ರಿ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿ ನೇಮಿಸಿದರು. ಆ ಭಾಗಗಳು ಹಿಂದುಳಿದಿವೆ ಎಂದೇ ಸಮಿತಿಯ ವರದಿ ಹೇಳಿತು. ವಿರೋಧಿಗಳಿಗೆ ಅದು ಅಸ್ತ್ರವಾಯಿತು. ಹನುಮಂತಯ್ಯ ಆ ಸತ್ಯವನ್ನು ಅಡಗಿಸಲಿಲ್ಲ. ಅದನ್ನು ತಿಳಿದೂ ಏಕೀಕರಣದ ಪರ ಗಟ್ಟಿಯಾಗಿ ನಿಂತರು. ಆಯೋಗದ ವರದಿ 1955ರ ಸೆಪ್ಟೆಂಬರ್ 30ರಂದು ಬಂತು. ಅದು ಕನ್ನಡ ರಾಜ್ಯಕ್ಕೆ ಒಪ್ಪಿದರೂ ಬಳ್ಳಾರಿಯ ಒಂದು ಭಾಗವನ್ನು ಆಂಧ್ರಕ್ಕೆ ಕೊಡಲು ಹೇಳಿತ್ತು. ನಾಡಿನ ಪ್ರತಿಭಟನೆಯ ನಂತರ ಬಳ್ಳಾರಿ ಇಲ್ಲೇ ಉಳಿಯಿತು. ಮೈಸೂರು ವಿಧಾನಸಭೆಯಲ್ಲಿ ತಮ್ಮ ಕಡೆಯವರ ಸಿಟ್ಟನ್ನು ಎದುರಿಸುತ್ತಲೇ ಅವರು ಒಂದೇ ರಾಜ್ಯದ ಪರ ವಾದಿಸಿದರು.

ಬೆಲೆ ತೆರಬೇಕಾಯಿತು. ಪಕ್ಷದೊಳಗಿನ ಗುಂಪುಗಾರಿಕೆ, ವಿಧಾನಸೌಧದ ಖರ್ಚಿನ ಅಸಮಾಧಾನ, ಅವರ ಬಿರುಸು ಸ್ವಭಾವದಿಂದ ನೊಂದವರು, ಏಕೀಕರಣದಿಂದ ಬೇಸತ್ತವರು ಎಲ್ಲರೂ ಒಂದಾದರು. ಶಾಸಕಾಂಗ ಪಕ್ಷದ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್ 19ರಂದು ಅವರು ಅಧಿಕಾರ ಬಿಟ್ಟರು. ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿಯಾದರು. ಹನ್ನೆರಡು ದಿನಗಳ ನಂತರ, ಆಗಸ್ಟ್ 31ರಂದು, ರಾಜ್ಯ ಪುನರ್ವಿಂಗಡಣಾ ಕಾಯಿದೆಗೆ ಅಂಕಿತ ಬಿತ್ತು. ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಬೆಂಗಳೂರಿನಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ನಿಜಲಿಂಗಪ್ಪ. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಆ ನೋವು ಅಲ್ಲಿನ ಕನ್ನಡಿಗರಲ್ಲಿ ಇಂದಿಗೂ ಇದೆ.

ಹನುಮಂತಯ್ಯ ಸೋತು ಮನೆ ಸೇರಲಿಲ್ಲ. 1957ರಲ್ಲಿ ಮತ್ತೆ ರಾಮನಗರದ ಜನ ಅವರನ್ನು ಶಾಸಕರಾಗಿ ಆರಿಸಿದರು.

ಪ್ರಜೆಯ ಪರ ಇನ್ನೊಂದು ಕಡತ

1962ರಿಂದ ಸತತ ಮೂರು ಸಲ ಬೆಂಗಳೂರಿನಿಂದ ಲೋಕಸಭೆಗೆ ಗೆದ್ದರು. ದೆಹಲಿಯಲ್ಲಿ ಅವರು ಮಾಡಿದ ಮುಖ್ಯ ಕೆಲಸ ಹೆಚ್ಚು ಜನರಿಗೆ ಗೊತ್ತಿಲ್ಲ. 1966ರ ಜನವರಿ 5ರಂದು ಕೇಂದ್ರ ಸರ್ಕಾರ ಆಡಳಿತ ಸುಧಾರಣಾ ಆಯೋಗ ರಚಿಸಿತು. ಮೊರಾರ್ಜಿ ದೇಸಾಯಿ ಅಧ್ಯಕ್ಷರು, ಹನುಮಂತಯ್ಯ ಸದಸ್ಯರು. 1967ರಲ್ಲಿ ದೇಸಾಯಿ ಉಪಪ್ರಧಾನಿಯಾದಾಗ ಅಧ್ಯಕ್ಷ ಸ್ಥಾನ ಹನುಮಂತಯ್ಯನವರಿಗೆ ಬಂತು. ಆಯೋಗ ಕೊಟ್ಟ ವರದಿಗಳು 20.

ಲಂಚ ಕೇಳುವ, ಫೈಲು ಕೂಡಿಹಾಕುವ ಅಧಿಕಾರಿಯ ಮೇಲೆ, ಮಂತ್ರಿಯ ಮೇಲೆ ಸಾಮಾನ್ಯ ಪ್ರಜೆ ಯಾರಿಗೆ ದೂರು ಕೊಡಬೇಕು? ಈ ಪ್ರಶ್ನೆಗೆ ಕೇಂದ್ರದಲ್ಲಿ ಲೋಕಪಾಲ, ರಾಜ್ಯಗಳಲ್ಲಿ ಲೋಕಾಯುಕ್ತ ಎಂಬ ಉತ್ತರ ಕೊಟ್ಟದ್ದು ಇದೇ ಆಯೋಗ, 1966ರ ತನ್ನ ಮಧ್ಯಂತರ ವರದಿಯಲ್ಲಿ. ಕರ್ನಾಟಕ 1984ರಲ್ಲಿ ಲೋಕಾಯುಕ್ತ ಕಾಯಿದೆ ಮಾಡಿತು. ಕೇಂದ್ರದ ಲೋಕಪಾಲ ಕಾಯಿದೆಗೆ 2013ರವರೆಗೆ ಕಾಯಬೇಕಾಯಿತು. ಕೇಂದ್ರ, ರಾಜ್ಯಗಳ ನಡುವಿನ ಜಗಳ ಬಗೆಹರಿಸಲು ಅಂತರರಾಜ್ಯ ಮಂಡಳಿ ಬೇಕೆಂದು ಹನುಮಂತಯ್ಯನವರ ಅಧ್ಯಕ್ಷತೆಯಲ್ಲಿ ಆಯೋಗ 1969ರಲ್ಲಿ ಹೇಳಿತು. ಅದು ಸ್ಥಾಪನೆಯಾದದ್ದು 1990ರಲ್ಲಿ. ಅಧಿಕಾರವೆಲ್ಲ ದೆಹಲಿಯಲ್ಲಿ ಕೂಡಿಕೊಳ್ಳಬಾರದು ಎಂದು 1949ರಲ್ಲಿ ಎತ್ತಿದ ತಕರಾರಿನ ಮುಂದಿನ ಕಂತು ಇದು.

ಮುಂದೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಕಾನೂನು ಮತ್ತು ಸಮಾಜ ಕಲ್ಯಾಣ, 1971ರ ಮಾರ್ಚ್‌ನಿಂದ 1972ರ ಜುಲೈವರೆಗೆ ರೈಲ್ವೆ ಖಾತೆ ನೋಡಿಕೊಂಡರು. ಬಾಂಗ್ಲಾ ಯುದ್ಧ ನಡೆದದ್ದು ಅವರು ರೈಲ್ವೆ ಮಂತ್ರಿಯಾಗಿದ್ದಾಗಲೇ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದನ್ನು ಅವರು ಕಂಡರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಅವರ ಸೀಮೆ ಅನಂತರವೂ ನಾಯಕರನ್ನು ಕೊಡುತ್ತಲೇ ಬಂದಿದೆ. ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ ವಿಧಾನಸಭೆ ಸೇರಿದ್ದು ಕನಕಪುರದ ಉಪಚುನಾವಣೆಯಲ್ಲಿ. 1994ರಲ್ಲಿ ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಿಯಾದರು. ಎಚ್.ಡಿ. ಕುಮಾರಸ್ವಾಮಿ ಇಲ್ಲಿಂದಲೇ ಆರಿಸಿ ಬಂದು ಎರಡು ಸಲ ಮುಖ್ಯಮಂತ್ರಿಯಾದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆಯುವ ತೀರ್ಮಾನವಾಯಿತು. ಹೆಸರು ಬದಲಾಗಬಹುದು. ಈ ಮಣ್ಣಿನಿಂದ ಮೊದಲು ಹೊರಟ ಮುಖ್ಯಮಂತ್ರಿ ತನ್ನ ಜಾತಿ, ತನ್ನ ಭಾಗ, ತನ್ನ ಕುರ್ಚಿ ಮೂರಕ್ಕೂ ನಷ್ಟವಾಗುವ ತೀರ್ಮಾನವನ್ನು ನಾಡಿನ ಹಿತಕ್ಕಾಗಿ ತೆಗೆದುಕೊಂಡ ಎಂಬ ಚರಿತ್ರೆ ಬದಲಾಗಬಾರದು.

ಜಿಲ್ಲೆಯ ಶಾಲೆಗಳು ಪ್ರತಿವರ್ಷ ಮಕ್ಕಳನ್ನು ಬಸ್ಸು ಹತ್ತಿಸಿ ವಿಧಾನಸೌಧ ತೋರಿಸಿಕೊಂಡು ಬರುತ್ತವೆ. ಅದು ಮುಂದುವರಿಯಲಿ. ಹನುಮಂತಯ್ಯನವರ ಸಂವಿಧಾನ ಸಭೆಯ ಭಾಷಣ, ಏಕೀಕರಣದ ಕುರಿತು ಅವರು ವಿಧಾನಸಭೆಯಲ್ಲಿ ಮಂಡಿಸಿದ ವಾದ, ಲೋಕಾಯುಕ್ತ ಸಂಸ್ಥೆಗೆ ಮೂಲವಾದ ಆಯೋಗದ ವರದಿ, ಇವುಗಳ ಮುಖ್ಯ ಭಾಗಗಳನ್ನು ತಿಳಿಗನ್ನಡದಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಎಲ್ಲ ತಾಲ್ಲೂಕುಗಳ ಪ್ರೌಢಶಾಲೆ, ಗ್ರಂಥಾಲಯ, ವಕೀಲರ ಸಂಘಗಳಿಗೆ ತಲುಪಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಜಿಲ್ಲೆಯ ಜನಪ್ರತಿನಿಧಿಗಳು, ಕನ್ನಡ ಸಂಘಗಳು, ಕಾಲೇಜಿನ ಅಧ್ಯಾಪಕರು ಅದನ್ನು ಕೈಗೆತ್ತಿಕೊಳ್ಳಬೇಕು.